ಲಂಕೆಯ ದೀಪಕ್ಕೆ ಎಣ್ಣೆ

ರಾಯದುರ್ಗದ ಓಬಯ್ಯ ತೊಗಲುಬೊಂಬೆ ಆಡಿಸಲು ಪರದೆಯ ಹಿಂದೆ ಕೂತನೆಂದರೆ ಬೆಟ್ಟದ ಮೇಲಿನ ಕೋಟೆಯ ಕಲ್ಲುಗಳೂ ಒಂದೊಂದು ಗೇಣು ಕೆಳಕ್ಕೆ ಜರುಗಿ ಕೂತು ಆಟ ನೋಡುತ್ತಿದ್ದವು. ಸುಳ್ಳು ಅನ್ನುವವರು ಹೋಗಿ ನೋಡಿಕೊಳ್ಳಲಿ, ಆಗ ಜರುಗಿದ ಕಲ್ಲುಗಳು ಇವತ್ತಿಗೂ ವಾಪಸು ಮೇಲಕ್ಕೆ ಹತ್ತಿಲ್ಲ. ಅವನ ಮದ್ದಲೆಯ ಒಂದು ಹೊಡೆತಕ್ಕೆ ಅಷ್ಟು ದೂರದ ಬಳ್ಳಾರಿಯಲ್ಲಿ ದೊರೆಗಳ ಚಹಾದ ಬಟ್ಟಲು ಗಡಗಡ ಅನ್ನುತ್ತಿತ್ತು. ಭೂಮಿ ನಡುಗಿತೆಂದು ಮದರಾಸಿಗೆ ಎರಡು ಸಲ ತಂತಿಯೂ ಹೋಗಿತ್ತು. ಇನ್ನು ಅವನ ಮೀಸೆಯ ವಿಚಾರ ಬೇಡ. ಅದರ ಎಡದ ತುದಿ ಮನೆಯೊಳಗೆ ಬಂದ ಎಷ್ಟೋ ಹೊತ್ತಿಗೆ ಬಲದ ತುದಿ ಬರುತ್ತಿತ್ತು.

ಇಂಥ ಓಬಯ್ಯನ ಬಿದಿರು ಪೆಟ್ಟಿಗೆಯಲ್ಲಿ ನೂರಾ ಎಂಟು ಬೊಂಬೆಗಳಿದ್ದವು. ದೇವರುಗಳು ಒಂದು ಕಡೆ, ರಕ್ಕಸರು ಒಂದು ಕಡೆ, ನಡುವೆ ಚಾಪೆ. ಚಾಪೆ ಮರೆತ ದಿನ ಪೆಟ್ಟಿಗೆಯೊಳಗೇ ಯುದ್ಧ ನಡೆದು ಬೆಳಗಾಗುವುದರೊಳಗೆ ನಾಲ್ಕು ತಲೆ ಉರುಳಿರುತ್ತಿದ್ದವು. ಆದರೆ ಆ ನೂರಾ ಎಂಟಕ್ಕೂ ಸೇರದೆ, ಬೇರೆಯೇ ಕಂಬಳಿಯಲ್ಲಿ ಸುತ್ತಿಟ್ಟ ಒಂದು ತೊಗಲಿತ್ತು. ಅದು ಓಬಯ್ಯನ ತಾತ ಯರ್ರಿಸ್ವಾಮಿ ಕೆತ್ತಿದ ಲಂಕೆ.

ನಾಲ್ಕು ಮೇಕೆಯ ತೊಗಲು ಸೇರಿಸಿ ಮಾಡಿದ ಆ ಲಂಕೆ ಒಂದು ದೀಪ. ನಿಜವಾದ ದೀಪ, ದೇವಸ್ಥಾನದ ಗರ್ಭಗುಡಿಯ ಪಕ್ಕ ನಿಂತಿರುತ್ತದಲ್ಲ, ಅಂಥ ಕಂಬದ ದೀಪ. ಕೆಳಗೆ ಮೀನಿನ ಹುರುಪೆಯ ಹಾಗೆ ಸಾಲುಸಾಲು ನೀರು, ನೀರಿನ ನಡುವೆ ದೀಪದ ಕಂಬ, ಮೇಲೆ ಏಳು ಬತ್ತಿ. ಒಂದೊಂದು ಬತ್ತಿಯ ಉರಿಯಲ್ಲೂ ಒಂದೊಂದು ಅರಮನೆ. ನಡುವಿನ ಉರಿಯ ಮೇಲೆ ಹತ್ತು ತಲೆಯ ರಾವಣ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಏಳನೆಯ ಬತ್ತಿ ಮಾತ್ರ ಸೊಟ್ಟ. ಓಬಯ್ಯ ಐದು ವರ್ಷದವನಿದ್ದಾಗ ತಾತ ಅವನ ಕೈಗೆ ಉಳಿ ಕೊಟ್ಟು, ಆ ಕೈಯ ಮೇಲೆ ತನ್ನ ಕೈಯಿಟ್ಟು ಕೊರೆಸಿದ್ದು ಅದು. ಅದು ಓಬಯ್ಯ ಜನ್ಮದಲ್ಲಿ ಕೆತ್ತಿದ ಮೊದಲ ಗೆರೆ, ತಾತ ಕೆತ್ತಿದ ಕೊನೆಯ ಗೆರೆ.

ಲಂಕೆ ದೀಪವಾಗಿದ್ದು ಹೀಗೆ. ಯಾವುದೋ ಕಾಲದಲ್ಲಿ ಯಾರೋ ಶಾಸ್ತ್ರಿಗಳು ತಾತನಿಗೆ ಕಥೆ ಹೇಳುತ್ತ 'ಲಂಕಾದ್ವೀಪ' ಅಂದಿದ್ದರು. ತಾತ ಕೇಳಿಸಿಕೊಂಡದ್ದು 'ಲಂಕಾದೀಪ'. ಹಗರಿ ಹೊಳೆ ವರ್ಷಕ್ಕೆ ಮೂರು ತಿಂಗಳು ಹರಿದರೆ ಹಬ್ಬ ಮಾಡುವ ಸೀಮೆ ಅದು; ಸುತ್ತ ನೀರು, ನಡುವೆ ನೆಲ ಅಂದರೆ ಯಾರ ಕಣ್ಣಿಗೆ ಕಟ್ಟಬೇಕು? ದೀಪವಾದರೆ ಎಲ್ಲರ ಮನೆಯಲ್ಲೂ ಇತ್ತು. ಮೂವತ್ತೈದು ವರ್ಷ, ರಾಯದುರ್ಗದಿಂದ ಮಡಕಶಿರ ಸೀಮೆಯ ರತ್ನಗಿರಿಯವರೆಗೆ, ಹನುಮಪ್ಪ ಆ ದೀಪಕ್ಕೇ ಹಾರಿದ, ಅದಕ್ಕೇ ಬೆಂಕಿ ಹಚ್ಚಿದ. ದೀಪಕ್ಕೆ ಬೆಂಕಿ ಹಚ್ಚಿದರೆ ಅದರಲ್ಲೇನು ವಿಶೇಷ ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದವರು ಮಡಕಶಿರದ ಗಂಗಾಧರಪ್ಪ ಮೇಷ್ಟ್ರು. ನಲವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಕನ್ನಡ, ತೆಲುಗು, ಸಂಸ್ಕೃತ ಮೂರನ್ನೂ ಮೂರು ಜೇಬಿನಲ್ಲಿಟ್ಟುಕೊಂಡು ಓಡಾಡುವವರು. ಕೆಟ್ಟವರಲ್ಲ, ಆದರೆ ತಪ್ಪು ಕಂಡರೆ ಮೈ ಕೆರೆಯುತ್ತಿತ್ತು. ಸಂತೆಯಲ್ಲಿ ಬೆಲ್ಲದ ಮೂಟೆಯ ಮೇಲಿನ ಅಕ್ಷರವನ್ನೂ ತಿದ್ದಿಯೇ ಮುಂದಕ್ಕೆ ಹೋಗುತ್ತಿದ್ದರು. ಆ ವರ್ಷ ಮಡಕಶಿರದ ಆಟದಲ್ಲಿ ಲಂಕೆ ಪರದೆಗೆ ಬಂದ ಕೂಡಲೇ ಎದ್ದು ನಿಂತರು.

"ಓಬಯ್ಯಾ, ಒಂದು ಗಳಿಗೆ ನಿಲ್ಲಿಸಪ್ಪ. ಅದು ದೀಪ ಅಲ್ಲ, ದ್ವೀಪ. ಸುತ್ತ ನೀರಿರೋ ನೆಲ. ನೀನು ರಾವಣೇಶ್ವರನನ್ನ ತಗೊಂಡು ಹೋಗಿ ಬತ್ತಿ ಮೇಲೆ ಕೂರಿಸಿದ್ದೀಯಲ್ಲಪ್ಪ."

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಮುಂದಿನ ಸಾಲಿನಲ್ಲಿ ಪಾಲಯ್ಯ ಕೂತಿದ್ದ. ಅವನೂ ಬೊಂಬೆಯಾಟದವನೇ, ಮಡಕಶಿರ ಕಡೆಯವನು. ಓಬಯ್ಯನ ಲಂಕೆ ಆಟಕ್ಕೆ ಸೇರುವ ಜನರಲ್ಲಿ ಕಾಲುಭಾಗ ತನ್ನ ಆಟಕ್ಕೆ ಸೇರಿದರೂ ಸಾಕೆಂದು ಹತ್ತು ವರ್ಷದಿಂದ ಕಾದಿದ್ದವನು. ಅವನು ಕೂತಲ್ಲಿಂದಲೇ ಕೇಳಿದ.

"ಅಣ್ಣಾ, ಲಂಕೆಗೆ ಎಣ್ಣೆ ಸಾಕೇನಣ್ಣಾ? ಸಾಲ್ದಿದ್ರೆ ಹೇಳು, ನಮ್ಮೂರ ಗಾಣದಿಂದ ತರುಸ್ತೀನಿ."

ಆಗ ಎದ್ದ ನಗು ಸಾಮಾನ್ಯದ್ದಲ್ಲ. ಆ ನಗು ಮಡಕಶಿರದಿಂದ ಹೊರಟು, ಗುಡಿಬಂಡೆಯಲ್ಲಿ ಒಂದು ಸುತ್ತು ಹೊಡೆದು, ಓಬಯ್ಯನ ಎತ್ತಿನ ಗಾಡಿಗಿಂತ ಎರಡು ದಿನ ಮುಂಚೆ ರಾಯದುರ್ಗ ಮುಟ್ಟಿ, ಅವನ ಮನೆಯ ಕಟ್ಟೆಯ ಮೇಲೆ ಅವನಿಗಾಗಿ ಕಾದು ಕೂತಿತ್ತು. ಹೋದ ಹೋದಲ್ಲೆಲ್ಲ ಅದೇ ಮಾತು. ಕುರಿ ಕಾಯುವವರು ಗುಡ್ಡದ ಮೇಲಿಂದ ಕೂಗಿ ಎಣ್ಣೆ ಬೇಕಾ ಅನ್ನುತ್ತಿದ್ದರು. ಕೂಲಿಗೆ ಹೋಗುವ ಹೆಂಗಸರು ದಾರಿ ಬಿಟ್ಟು ಬಂದು, ಬತ್ತಿ ಹೊಸೆದು ಕೊಡೋಣವೇ ಎಂದು ವಿಚಾರಿಸುತ್ತಿದ್ದರು.

ಓಬಯ್ಯ ಅದನ್ನೆಲ್ಲ ಮೀಸೆಯೊಳಗೇ ನುಂಗಿಕೊಂಡ. ನುಂಗಲಾಗದ್ದು ಕುಲದ ಹಿರಿಯರ ಮಾತು. ಬೊಂಬೆಯಾಟದ ಮನೆತನಗಳಲ್ಲಿ ಒಂದು ಕಟ್ಟಳೆ ಉಂಟು: ಸವೆದ ಬೊಂಬೆಯನ್ನಾಗಲಿ, ತಪ್ಪಾದ ಬೊಂಬೆಯನ್ನಾಗಲಿ ಬಿಸಾಡುವಂತಿಲ್ಲ. ಅರಿಸಿನ ಕುಂಕುಮ ಹಚ್ಚಿ, ಎಡೆಯಿಟ್ಟು, ಹೊಳೆಗೆ ಬಿಡಬೇಕು. ತಪ್ಪಿಗಾಗಿ ಹೊಳೆಗೆ ಬಿಟ್ಟ ಬೊಂಬೆಯನ್ನು ಆ ಮನೆಯವರು ಮತ್ತೆ ಕೆತ್ತುವ ಹಾಗಿಲ್ಲ. ಭೈರವಾನಿತಿಪ್ಪದ ಹತ್ತಿರ ಹಗರಿ ದಡದಲ್ಲಿ ಹಿರಿಯರು ಸೇರಿದರು. ಪಾಲಯ್ಯ ಅಷ್ಟು ದೂರದಿಂದ ಬಂದು, ತಪ್ಪು ತಪ್ಪೇ ಎಂದು ವಾದಿಸಿದ. ಹಿರಿಯ ಬೋರಯ್ಯ ಬಿಳಿ ಹುಬ್ಬು ಎತ್ತಿ, ಓಬಯ್ಯನ ಕಡೆ ನೋಡಲಾಗದೆ ಹೊಳೆಯ ಕಡೆ ನೋಡುತ್ತ, ಯರ್ರಿಸ್ವಾಮಿಯ ಲಂಕೆಯನ್ನು ನೀರಿಗೆ ಬಿಡುವುದೇ ಸರಿ ಅಂದ. ಅಂದರೆ ತಾತನ ದೀಪವೂ ಹೋಯಿತು, ಓಬಯ್ಯನ ಮನೆತನಕ್ಕೆ ಲಂಕೆ ಆಟವೂ ಹೋಯಿತು, ಆ ಸೊಟ್ಟ ಬತ್ತಿಯೂ ಹೋಯಿತು.

ಓಬಯ್ಯ ಎದ್ದು ನಿಂತ. "ಲಂಕಿ ನೋಡಿದವ್ರು ಇಲ್ಲಿ ಯಾರಿದ್ದೀರಿ?" ಅಂತ ಕೇಳಿದ. ಹಿರಿಯರು ಪಾಲಯ್ಯನ ಕಡೆ ತಿರುಗಿದರು, ಪಾಲಯ್ಯ ತನ್ನ ಎಕ್ಕಡ ನೋಡಿಕೊಂಡ. "ಹಂಗಾದ್ರ ನಾ ಹೋಗಿ ನೋಡಿ ಬರ್ತೀನ್ರಿ. ಬರೋ ವರ್ಷ ರತ್ನಗಿರಿ ಆಟದ ಮಟ ಟೈಮು ಕೊಡ್ರಿ. ಲಂಕಿ ದೀಪ ಅಲ್ದಿದ್ರ, ಅವತ್ತ ನನ್ನ ಕೈಯಾಗಿಂದ್ಲೇ ನೀರಿಗೆ ಬಿಡ್ತೀನಿ."

ಬೋರಯ್ಯ ಒಪ್ಪಿದ. ಪಾಲಯ್ಯನೂ ಒಪ್ಪಿದ, ದಾರಿಯಲ್ಲಿ ಎಣ್ಣೆ ಸಿಗುತ್ತೋ ಇಲ್ಲವೋ, ಒಂದು ಕುಡಿಕೆ ಕಟ್ಟಿಕೊಂಡು ಹೋಗೆಂದು ಬುದ್ಧಿಯನ್ನೂ ಹೇಳಿದ.

ಮನೆಯಲ್ಲಿ ಹೆಂಡತಿ ಮೂಕಮ್ಮ. ಹೆಸರು ಮೂಕಮ್ಮನಾದರೂ ಪರದೆಯ ಹಿಂದೆ ಎಲ್ಲ ಹೆಣ್ಣು ಬೊಂಬೆಗಳಿಗೂ ಮಾತು ಅವಳದೇ. ಅದರಲ್ಲೂ ನಗಿಸುವ ಗಯ್ಯಾಳಿ ಬೊಂಬೆ ಕೆಂಪಕ್ಕನ ಬಾಯಿಗೆ ಅವಳು ದನಿ ಕೊಟ್ಟಳೆಂದರೆ ತಹಶೀಲ್ದಾರರೂ ಟೋಪಿ ಸರಿಮಾಡಿಕೊಂಡು ಹಿಂದಿನ ಸಾಲಿಗೆ ಹೋಗಿ ಕೂರುತ್ತಿದ್ದರು. ಅವಳು ಅಳಲಿಲ್ಲ, ತಡೆಯಲಿಲ್ಲ. ರೊಟ್ಟಿಯ ಗಂಟು ಕಟ್ಟಿದಳು, ಅದರ ಮೇಲೆ ಹನುಮಪ್ಪನ ಬೊಂಬೆ ಇಟ್ಟಳು.

"ಇವನ್ನ ಕರ್ಕೊಂಡು ಹೋಗ್ರಿ," ಅಂದಳು. "ಇವನಿಗೆ ದಾರಿ ಗೊತ್ತೈತಿ."

ರಾಯದುರ್ಗದಿಂದ ಬಳ್ಳಾರಿಗೆ ರೈಲು, ಅಲ್ಲಿಂದ ಗುಂತಕಲ್ಲು, ಅಲ್ಲಿಂದ ಮದರಾಸು. ಮದರಾಸಿನ ಎಗ್ಮೋರಿನಲ್ಲಿ ರೈಲು ಬದಲಾಯಿಸುವ ಎರಡು ಗಂಟೆಯಲ್ಲಿ ಓಬಯ್ಯ ಪೂರ್ತಿ ತಮಿಳು ಕಲಿತ. ಅದು ಅಲ್ಲಿಯವರಿಗೆ ಅರ್ಥವಾಗುತ್ತಿರಲಿಲ್ಲ, ಆ ಮಾತು ಬೇರೆ. ಮಂಟಪಂ ಎಂಬಲ್ಲಿ ಲಂಕೆಗೆ ಕೂಲಿಗೆ ಹೋಗುವವರನ್ನೆಲ್ಲ ತಡೆದು, ರೋಗ ಇದೆಯೇ ಎಂದು ಕಣ್ಣು ನಾಲಿಗೆ ನೋಡಿ, ಗಂಟು ಬಿಚ್ಚಿಸುತ್ತಿದ್ದರು. ಓಬಯ್ಯನ ಗಂಟಿನಿಂದ ಹನುಮಪ್ಪ ಹೊರಬಂದ. ತೆಲುಗು ಬಲ್ಲ ಗುಮಾಸ್ತನೊಬ್ಬ, ಇದೇನೆಂದು ಕೇಳಿದ.

"ಹನುಮಪ್ಪ ರೀ. ಹಿಂದ ಒಂದ್ಸಲ ಹೋಗಿ ಬಂದಾನ. ಆವಾಗ ಟಿಕೀಟು ಕೇಳಿರಲಿಲ್ಲ."

"ಆವಾಗ ಊರಿಗೆ ಬೆಂಕಿ ಹಚ್ಚಿ ಬಂದಿದ್ದ. ಈ ಸಲ ಸುಮ್ಮನಿರಕ್ಕೆ ಹೇಳು," ಅಂದ ಗುಮಾಸ್ತ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಮತ್ತೆ ಠಸ್ಸೆ ಒತ್ತಿದ.

ಧನುಷ್ಕೋಟಿಯಲ್ಲಿ ಓಬಯ್ಯ ಮೊದಲ ಸಲ ಸಮುದ್ರ ನೋಡಿದ. ಹಗರಿಯ ದಡದಲ್ಲಿ ನಿಂತರೆ ಆಚೆ ದಡದ ಎತ್ತುಗಳ ಕೊರಳ ಗಂಟೆ ಎಣಿಸಬಹುದು. ಇಲ್ಲಿ ಆಚೆ ದಡವನ್ನೇ ಕಟ್ಟಲು ಮರೆತಿದ್ದರು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ ನೋಟಕ್ಕೆ ನೀರು ನಾಚಿ ಮೂರು ಮಾರು ಹಿಂದಕ್ಕೆ ಸರಿಯಿತು; ಮತ್ತೆ ಧೈರ್ಯ ತಂದುಕೊಂಡು ಬಂದು ಅವನ ಪಾದ ಮುಟ್ಟಿತು. ತಮ್ಮ ಮನೆಯವರು ಮೂರು ತಲೆಮಾರಿನಿಂದ ಇದನ್ನು ಮೀನಿನ ಹುರುಪೆಯಂತೆ ಕೆತ್ತಿದ್ದಾರಲ್ಲ ಎಂದು ಅವನಿಗೆ ಅಲ್ಲೇ ಮೈ ಝುಮ್ಮೆಂದಿತು. ಇದು ಒಂದು ಗಳಿಗೆಯೂ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ತೊಗಲು ನಿಂತಲ್ಲೇ ನಿಲ್ಲುತ್ತದೆ. ಅದಕ್ಕೆ ಏನು ಮಾಡುವುದು?

ಹಡಗು ಹತ್ತಿ ಲಂಕೆ ಮುಟ್ಟಿ, ದಕ್ಷಿಣದ ಗಾಲೆ ಸೀಮೆಯ ಒಳನಾಡಿನ ತೆಂಗಿನಕಾಯಿ ಮಂಡಿಯಲ್ಲಿ ಕೂಲಿಗೆ ನಿಂತ. ಉಳಿದವರು ಹತ್ತು ಕಾಯಿ ಹೊತ್ತರೆ ಇವನು ಮರವನ್ನೇ ಹೊತ್ತು ತಂದು, ಕಾಯಿ ನೀವೇ ಕಿತ್ತುಕೊಳ್ಳಿ ಅನ್ನುತ್ತಿದ್ದ. ಬಿಡುವಾದಾಗಲೆಲ್ಲ ದೀಪ ಹುಡುಕಿದ. ದೀಪ ಎಲ್ಲೂ ಇರಲಿಲ್ಲ. ಇದ್ದದ್ದು ಹಸಿರು. ರಾಯದುರ್ಗದಲ್ಲಿ ಹಸಿರು ಅಂದರೆ ಒಂದೇ, ಬಣ್ಣದ ಕುಡಿಕೆಯಲ್ಲಿರುವುದು. ಇಲ್ಲಿ ಅವನು ನಲವತ್ತೇಳು ಹಸಿರು ಎಣಿಸಿದ; ನಲವತ್ತೆಂಟನೆಯದು ಹಾವಾಗಿತ್ತು, ಬಿಟ್ಟು ಓಡಿದ. ನೆಲ, ನೆಲದ ಸುತ್ತ ನೀರು. ಮೇಷ್ಟ್ರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಓಬಯ್ಯನ ಮೀಸೆ ಎರಡೂ ಕಡೆ ಸೋತು ಇಳಿಬಿದ್ದಿತ್ತು. ಊರಿಗೆ ಹೋಗಿ ತಾತನನ್ನು ನೀರಿಗೆ ಬಿಡುವುದೊಂದೇ ಉಳಿದಿತ್ತು.

ಹೊರಡುವ ಮೊದಲು, ಕಡಲ ದಂಡೆಯ ಒಂದು ಊರಿನಲ್ಲಿ ರಕ್ಕಸರ ಮುಖವಾಡ ಕೆತ್ತುತ್ತಾರೆಂದು ಕೇಳಿ, ಕಸುಬಿನವನಿಗೆ ಕಸುಬಿನವನನ್ನು ನೋಡುವ ಆಸೆ ತಡೆಯದೆ ಅಲ್ಲಿಗೆ ಹೋದ. ಒಬ್ಬ ಮುದುಕ ಹಗುರ ಮರದ ತುಂಡನ್ನು ತೊಡೆಯ ಮೇಲಿಟ್ಟು ಕೊರೆಯುತ್ತಿದ್ದ. ಗೋಡೆಯ ತುಂಬ ಮುಖವಾಡ: ಕೋಳಿಮೊಟ್ಟೆಯಂತೆ ಈಚೆಗೆ ಬಂದ ಕಣ್ಣು, ಹೊರಚಾಚಿದ ಕೋರೆ, ತಲೆಯ ಮೇಲೆ ಹೆಡೆಯೆತ್ತಿದ ನಾಗರಗಳು. ಓಬಯ್ಯ ಅಷ್ಟು ವರ್ಷ ಕೆತ್ತಿದ ರಕ್ಕಸರೆಲ್ಲ ಇವುಗಳ ಮುಂದೆ ಮದುವೆಗೆ ಹೊರಟ ಬೀಗರ ಹಾಗೆ ಸಾಧುವಾಗಿ ಕಂಡರು. ಮಾತು ಒಬ್ಬರದು ಒಬ್ಬರಿಗೆ ತಿಳಿಯದು. ಓಬಯ್ಯ ಹನುಮಪ್ಪನನ್ನು ತೆಗೆದು ಬಿಸಿಲಿಗೆ ಹಿಡಿದ. ಕೆಂಪು ಹಸಿರು ನೆರಳು ಮುದುಕನ ಬಿಳಿ ಬಟ್ಟೆಯ ಮೇಲೆ ಬಿದ್ದು ಕುಣಿಯಿತು. ಮರದಲ್ಲಿ ಬೆಳಕು ನಿಂತುಹೋಗುತ್ತದೆ, ತೊಗಲಿನಲ್ಲಿ ಹಾದು ಬರುತ್ತದೆ. ಅದನ್ನು ಆ ಮುದುಕ ಉಳಿ ಕೆಳಗಿಟ್ಟು ನೋಡಿದ ರೀತಿಗೆ ಓಬಯ್ಯನ ಮೀಸೆಯ ಒಂದು ತುದಿ ಮತ್ತೆ ಮೇಲೆದ್ದಿತು.

ತಾನು ಬಂದ ಕೆಲಸ ಹೇಳಬೇಕೆಂದು ಓಬಯ್ಯ ಕಡ್ಡಿ ತೆಗೆದುಕೊಂಡು ಮರಳಿನ ಮೇಲೆ ಬರೆದ. ನೀರು, ನೀರಿನ ನಡುವೆ ಕಂಬ, ಕಂಬದ ಮೇಲೆ ಉರಿ. ಮುದುಕ ನಗಲಿಲ್ಲ. ಒಂದು ಕ್ಷಣ ನೋಡಿ, ಇಷ್ಟೇನಾ ಎಂಬಂತೆ ತಲೆದೂಗಿ, ಎದ್ದು ಹೆಗಲ ಮೇಲೆ ಬಟ್ಟೆ ಹಾಕಿಕೊಂಡು, ಬಾ ಎಂದು ಕೈ ಮಾಡಿದ.

ಎರಡು ದಿನ ನಡೆದರು. ಲಂಕೆಯ ದಕ್ಷಿಣದ ತುದಿ, ಅದರಾಚೆ ನೆಲವೇ ಇಲ್ಲ. ಹೊತ್ತು ಮುಳುಗುವಾಗ ತೆಂಗಿನ ಮರಗಳ ನಡುವಿನಿಂದ ಮುದುಕ ಬೆರಳು ತೋರಿಸಿದ. ಬಂಡೆಯ ಮೇಲೆ, ಮೂರು ಕಡೆ ಕಡಲು ಅಪ್ಪಳಿಸುವಲ್ಲಿ, ಬೆಳ್ಳಗಿನ ಕಂಬ ನಿಂತಿತ್ತು. ಅದರ ನೆತ್ತಿಯಲ್ಲಿ ದೀಪ ಹತ್ತಿಕೊಂಡಿತು. ಹತ್ತಿಕೊಂಡು ತಿರುಗಿತು. ಅದರ ಬೆಳಕು ಗಿರನೆ ಕಡಲಿನ ಮೇಲೆ ಹಾದು, ಮರಗಳ ಮೇಲೆ ಹಾದು, ಓಬಯ್ಯನ ಮುಖದ ಮೇಲೆ ಹಾದು ಹೋಯಿತು. ಹಡಗಿನವರಿಗೆ ದಾರಿ ತೋರಲು ಇಂಗ್ಲಿಷಿನವರು ಕಟ್ಟಿಸಿದ್ದೆಂದು ಆಮೇಲೆ ತಿಳಿಯಿತು. ಆಗ ಅವನಿಗೆ ಕಂಡದ್ದು ತಾತನ ತೊಗಲು, ಅಷ್ಟೇ. ಅವನು ಅಲ್ಲೇ ಮರಳಿನ ಮೇಲೆ ಕುಸಿದು ಕೂತ. ಅವನು ಕೂತ ರಭಸಕ್ಕೆ ದಂಡೆಯಲ್ಲಿದ್ದ ಏಡಿಗಳೆಲ್ಲ ಒಮ್ಮೆಲೇ ಬಿಲ ಸೇರಿದವು.

"ತಾತಾ," ಅಂದ ಮೆಲ್ಲಗೆ, "ನನಗ ಹೇಳದಂಗ ನೀ ಯಾವಾಗ ಬಂದಿದ್ದಿ ಇಲ್ಲಿಗೆ?"

ಪಕ್ಕದ ಬೌದ್ಧ ವಿಹಾರದ ಕಾವಿ ಬಟ್ಟೆಯ ಸ್ವಾಮಿಯೊಬ್ಬರು ಈ ಮೀಸೆಯವನು ದೀಪದ ಮುಂದೆ ಕುಸಿದು ಕೂತದ್ದನ್ನು ನೋಡಿ ಹತ್ತಿರ ಬಂದರು. ಅವರು ಮದರಾಸಿನಲ್ಲಿ ಕೆಲ ವರ್ಷ ಇದ್ದವರು, ತಮಿಳು ಬಲ್ಲವರು; ಓಬಯ್ಯನ ತಮಿಳನ್ನೂ ತಡೆದುಕೊಂಡರು. ಅವನು ಮೊದಲಿನಿಂದ ಕಥೆ ಹೇಳಿದ. ದೀಪ, ದ್ವೀಪ, ಮೇಷ್ಟ್ರು, ಎಣ್ಣೆ, ಹಗರಿ ಹೊಳೆ. ಸ್ವಾಮಿಗಳು ಕೇಳುತ್ತ ಕೇಳುತ್ತ ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು.

"ನಮ್ಮ ಧರ್ಮಗ್ರಂಥಗಳು ಪಾಳಿ ಭಾಷೆಯಲ್ಲಿವೆ. ಆ ಭಾಷೆಯಲ್ಲಿ ಹಚ್ಚುವ ದೀಪಕ್ಕೂ ದೀಪ ಅಂತಾರೆ, ನೀರಿನ ನಡುವಿನ ನೆಲಕ್ಕೂ ದೀಪ ಅಂತಲೇ ಅಂತಾರೆ. ಲಂಕಾದೀಪ, ಅದೇ ಈ ನೆಲದ ಹೆಸರು. ನಿಮ್ಮ ತಾತ ತಪ್ಪು ಕೇಳಿಸಿಕೊಳ್ಳಲಿಲ್ಲಪ್ಪ. ನಮ್ಮ ಮಾತಿನಲ್ಲಿ ಕೇಳಿಸಿಕೊಂಡರು."

ಮೀಸೆಯ ಇನ್ನೊಂದು ತುದಿಯೂ ಎದ್ದಿತು. ಎದ್ದ ರಭಸಕ್ಕೆ ಸ್ವಾಮಿಗಳ ತಾಳೆಗರಿಯ ಕೊಡೆ ಹಾರಿಹೋಯಿತೆಂದು ಹೇಳುವವರಿದ್ದಾರೆ.

ಮರಳುವ ದಾರಿಯಲ್ಲಿ ಇನ್ನೊಂದು ಸಿಕ್ಕಿತು, ಅದು ಪದಕ್ಕಿಂತ ದೊಡ್ಡದು. ಬೆಸ್ತರ ಕೇರಿಯಲ್ಲಿ ಬಲೆಗಳನ್ನು ಒಣಗಲು ಹಾಕಿದ್ದರು, ಒಂದರ ಮೇಲೊಂದು. ಗಾಳಿ ಬಂದು ಮೇಲಿನ ಬಲೆ ಅಲುಗಿದಾಗ, ಎರಡರ ಕಣ್ಣುಗಳೂ ಒಂದರೊಳಗೊಂದು ಜರುಗಿ, ಹಿಂದಿನ ಬಿಸಿಲು ಅಲೆ ಅಲೆಯಾಗಿ ಮಿನುಗುತ್ತ ಆ ತುದಿಯಿಂದ ಈ ತುದಿಗೆ ಹರಿಯಿತು. ಓಬಯ್ಯ ನಿಂತುಬಿಟ್ಟ. ಬಲೆ ನೀರಾಗಿತ್ತು. ಮುದುಕ ಹಿಂತಿರುಗಿ ಬಂದು ಭುಜ ಅಲ್ಲಾಡಿಸುವವರೆಗೆ ಅವನು ಅಲ್ಲಾಡಲಿಲ್ಲ. ತೊಗಲು ಒಂದಿದ್ದರೆ ನಿಲ್ಲುತ್ತದೆ, ಎರಡಿದ್ದರೆ ಹರಿಯುತ್ತದೆ.

ಅಗಲುವಾಗ ಮುದುಕ ತನ್ನ ಸಣ್ಣ ಉಳಿ ಕೊಟ್ಟ. ಓಬಯ್ಯ ಹನುಮಪ್ಪನನ್ನು ಕೊಡಲು ಹೋದ. ಮುದುಕ ಬೇಡವೆಂದು ತನ್ನ ಹುಲ್ಲಿನ ಮಾಡಿನ ಕಡೆ ಕೈ ತೋರಿ, ಬೆಂಕಿ ಹತ್ತಿಕೊಳ್ಳುವಂತೆ ಬೆರಳು ಕುಣಿಸಿ ನಕ್ಕ. ಹನುಮಪ್ಪನ ಸಮಾಚಾರ ಅವನಿಗೂ ಗೊತ್ತಿತ್ತು.

ಊರಿಗೆ ಬಂದ ಓಬಯ್ಯ ಯಾರಿಗೂ ಏನೂ ಹೇಳಲಿಲ್ಲ, ಮೂಕಮ್ಮನ ಹೊರತು. ಆಟಕ್ಕೆ ಮೂರೂವರೆ ತಿಂಗಳಿತ್ತು. ಇಬ್ಬರೂ ಬಾಗಿಲು ಹಾಕಿಕೊಂಡು ಕೂತರು. ಹನ್ನೆರಡು ಮೇಕೆಯ ತೊಗಲು ನೆನೆಹಾಕಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿ, ಆಚೆ ನಿಂತವರ ಮೂಗಿನ ನತ್ತು ಕಾಣುವಷ್ಟು ತಿಳಿ ಮಾಡಿದರು. ಆ ಮೇಲೆ ಉಳಿ. ಎರಡು ಕಡಲು ಕೆತ್ತಿದರು, ಎರಡರಲ್ಲೂ ಸಾಸಿವೆಯಷ್ಟು ಸಾಸಿವೆಯಷ್ಟು ತೂತು, ಒಟ್ಟು ಒಂದು ಲಕ್ಷದ ಹದಿನಾರು; ಎಣಿಸಿದವಳು ಮೂಕಮ್ಮ, ಅವಳ ಲೆಕ್ಕ ತಪ್ಪುವುದಿಲ್ಲ. ಸಭೆಯಲ್ಲಿ ಆಡುವ ರಾವಣನ ಬೊಂಬೆಗೆ ಹೊಸ ಹತ್ತು ತಲೆ, ಒಂದೊಂದು ತಲೆಗೂ ಆ ಮುದುಕನ ಮುಖವಾಡಗಳ ಕಣ್ಣು, ಕಿರೀಟದ ಸುತ್ತ ನಾಗರ. ದಂಡೆಗೆ ಕಡಲಿನ ಕಡೆ ಬಾಗಿದ ತೆಂಗು, ಅದಕ್ಕೆ ಏಳು ಬಗೆಯ ಹಸಿರು.

ತಾತನ ಲಂಕೆಯ ಮೇಲೆ ಮಾತ್ರ ಓಬಯ್ಯ ಉಳಿ ಇಡಲಿಲ್ಲ. ಒಂದು ಗೆರೆ ತಿದ್ದಲಿಲ್ಲ. ಆದರೆ ಅದರ ಬೆಳಕು ತಿರುಗಬೇಕಲ್ಲ? ಅವನು ಹದಿನೈದು ದಿನ ಒದ್ದಾಡಿದ. ಕಡೆಗೆ ಮೂಕಮ್ಮ ಸೀಮೆಎಣ್ಣೆ ಡಬ್ಬದ ತಗಡು ಬಿಚ್ಚಿ, ಸುತ್ತಿ, ಒಂದು ಕಡೆ ಉದ್ದಕ್ಕೆ ಸೀಳು ಬಿಟ್ಟು, ಹುರಿ ಹಾಕಿದ ದಾರದಿಂದ ಹರಳೆಣ್ಣೆ ದೀಪದ ಮೇಲೆ ಇಳಿಬಿಟ್ಟಳು. ದಾರದ ಹುರಿ ಬಿಚ್ಚುತ್ತ ತಗಡು ತಿರುಗಿತು. ಬೆಳಕು ಗಿರನೆ ಗೋಡೆ ಸುತ್ತಿ ಬಂದು ಓಬಯ್ಯನ ಮುಖದ ಮೇಲೆ ಹಾದು ಹೋಯಿತು.

"ಹಿಂಗೇನ್ರಿ?" ಅಂದಳು.

ಅವನು ಎದ್ದು ದಾರಕ್ಕೆ ಇನ್ನೊಂದು ಸಲ ಹುರಿ ಹಾಕಿ ಬಿಟ್ಟ.

ರತ್ನಗಿರಿಯ ಆಟಕ್ಕೆ ಸೇರಿದ ಜನವನ್ನು ಹೇಳಿದರೆ ನಂಬುವವರಿಲ್ಲ. ಕೋಟೆಯ ಗೋಡೆಯ ಮೇಲೆ ಜನ, ಹುಣಿಸೆ ಮರದಲ್ಲಿ ಜನ, ಜನರ ಹೆಗಲ ಮೇಲೆ ಜನ. ಅಂದು ಮಡಕಶಿರದಲ್ಲಿ ಕಳ್ಳತನ ಮಾಡಲು ಕಳ್ಳರೂ ಉಳಿದಿರಲಿಲ್ಲ. ಮುಂದಿನ ಸಾಲಿನಲ್ಲಿ ಗಂಗಾಧರಪ್ಪ ಮೇಷ್ಟ್ರು, ಪಕ್ಕದಲ್ಲಿ ಪಾಲಯ್ಯ. ಪರದೆಯ ಬಲಕ್ಕೆ ಬೋರಯ್ಯ, ಅವನ ಮುಂದೆ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಎಡೆಯ ಅಕ್ಕಿ. ಲಂಕೆ ನೀರಿಗೆ ಹೋಗುವುದಾದರೆ ಅಲ್ಲಿಂದಲೇ ಹೊರಡಬೇಕು. ಓಬಯ್ಯ ಪರದೆಯ ಸಂದಿನಿಂದ ಆ ತಟ್ಟೆಯನ್ನು ಒಂದು ಸಲ ನೋಡಿದ, ಮತ್ತೆ ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಆಟ ಶುರುವಾಯಿತು. ಹನುಮಪ್ಪ ಕಡಲ ದಡಕ್ಕೆ ಬಂದ. ಓಬಯ್ಯ ಒಂದು ಕಡಲನ್ನು ಪರದೆಗೆ ಒತ್ತಿ, ಇನ್ನೊಂದನ್ನು ಅದರ ಹಿಂದೆ ಮೆಲ್ಲಗೆ ಜರುಗಿಸಿದ.

ಪರದೆ ನೀರಾಯಿತು. ಒಂದು ಲಕ್ಷದ ಹದಿನಾರು ಕಣ್ಣುಗಳಲ್ಲಿ ಬೆಳಕು ಮಿನುಗುತ್ತ, ಮುರಿಯುತ್ತ, ಮತ್ತೆ ಕೂಡುತ್ತ ಹರಿಯಿತು. ಮುಂದಿನ ಸಾಲಿನವರು ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡರು. ಒಬ್ಬ ಮುದುಕಿ ತನಗೆ ಈಜು ಬಾರದೆಂದು ಪಕ್ಕದವರಿಗೆ ಮೊದಲೇ ಹೇಳಿಟ್ಟಳು. ಹಿಂದೆ ಇದ್ದ ಕುರಿಯವನೊಬ್ಬ, ಇಷ್ಟು ನೀರು ಸುಮ್ಮನೆ ಹೋಗುತ್ತಿದೆಯಲ್ಲ ಎಂದು ಮಂದೆ ಹೊಡೆದುಕೊಂಡು ಬರಲು ಎದ್ದೇಬಿಟ್ಟ. ಹನುಮಪ್ಪ ಹಾರಿದ. ಕತ್ತಲು. ಬರೀ ನೀರು. ಆಮೇಲೆ ಆ ನೀರಿನ ನಡುವಿನಿಂದ ತಾತನ ಲಂಕೆ ಎದ್ದಿತು. ಅದೇ ಕಂಬ, ಅದೇ ಏಳು ಬತ್ತಿ. ಜನ ನಗಲು ಬಾಯಿ ತೆರೆದರು.

ಲಂಕೆ ತಿರುಗಿ ಬೆಳಗಿತು. ಬೆಳಕು ಬಾಗಿದ ತೆಂಗುಗಳ ಮೇಲೆ ಹಾದು, ಕಡಲಿನ ಮೇಲೆ ಹಾದು, ಪರದೆಯ ಮೇಲಿನಿಂದ ಜಿಗಿದು ಜನರ ತಲೆಗಳ ಮೇಲೆ ಹಾದು, ರತ್ನಗಿರಿ ಕೋಟೆಯ ಗೋಡೆಯನ್ನು ಈ ಕೊನೆಯಿಂದ ಆ ಕೊನೆಗೆ ಸವರಿಕೊಂಡು ಹೋಯಿತು. ತೆರೆದ ಬಾಯಿಗಳು ಹಾಗೇ ತೆರೆದೇ ಇದ್ದವು. ಆಗ ಮೂಕಮ್ಮ ಕೆಂಪಕ್ಕನ ಬೊಂಬೆಯನ್ನು ಲಂಕೆಯ ದಂಡೆಗೆ ತಂದಳು.

"ಮೇಷ್ಟ್ರು ಬಂದೀರೇನ್ರಿ?" ಅಂದಳು ಕೆಂಪಕ್ಕ, ಸೊಂಟಕ್ಕೆ ಕೈಯಿಟ್ಟು.

"ಬಂದಿದ್ದೀನಮ್ಮ," ಅಂದರು ಮೇಷ್ಟ್ರು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಂತ್ಯಾಗ ತೆಲುಗಿನೋರು ನೀರಿನ ನಡುವಿನ ನೆಲಕ್ಕ ಏನಂತಾರ್ರಿ?"

"ದೀವಿ ಅಂತಾರೆ."

"ದ್ವೀವಿ ಅನ್ನಂಗಿಲ್ಲೇನ್ರಿ? ದಕಾರದ ಕೆಳಗ ಒಂದು ವಕಾರ ಜೋತು ಬಿದ್ದಿತ್ತಲ್ಲ, ಅದು ಎಲ್ಲಿ ಬಿದ್ದು ಹೋತು?"

ಜನರಲ್ಲಿ ಸಣ್ಣ ನಗು ಓಡಿತು. ಮೇಷ್ಟ್ರು ನಗಲಿಲ್ಲ. ಕೆಂಪಕ್ಕ ಮುಂದುವರಿದಳು. "ತೆಲುಗಿನೋರು ಬೀಳಿಸಿದ್ರ ಅದು ಭಾಷಾ. ನಮ್ಮ ತಾತ ಬೀಳಿಸಿದ್ರ ಅದು ತಪ್ಪು. ಹೋಗ್ಲಿ ಬಿಡ್ರಿ. ನಮ್ಮ ಯಜಮಾನ್ರು ಲಂಕಿ ನೋಡಿ ಬಂದಾರ. ಅಲ್ಲಿ ಸ್ವಾಮಿಗೋಳು ಹೇಳಿದ್ರಂತ, ಅವರ ಹಳೇ ಪಾಳಿ ಮಾತಿನಾಗ ಈ ನೆಲದ ಹೆಸರ ಲಂಕಾದೀಪ ಅಂತ. ಸುಳ್ಳೇನ್ರಿ?"

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲು ಮರೆತರು. ನಲವತ್ತು ವರ್ಷದ ಪಾಠವೆಲ್ಲ ಅವರ ತಲೆಯೊಳಗೆ ಗಡಬಡಿಸಿ ಎದ್ದು ಸಾಲಾಗಿ ನಿಲ್ಲುವ ಸದ್ದು ಮೂರನೆಯ ಸಾಲಿನವರೆಗೂ ಕೇಳಿಸಿತು. ಓಬಯ್ಯ ಪರದೆಯ ಹಿಂದೆ ಉಸಿರು ಹಿಡಿದಿದ್ದ. ಅವನು ಉಸಿರು ಹಿಡಿದದ್ದಕ್ಕೆ ದೀಪದ ಕುಡಿಯೂ ಅಲುಗದೆ ನಿಂತಿತು. ಮೇಷ್ಟ್ರು ಎದ್ದು, ಪರದೆಯ ಕಡೆಗಲ್ಲ, ಜನರ ಕಡೆ ತಿರುಗಿದರು.

"ಪಾಳಿಯಲ್ಲಿ ದ್ವೀಪ ಅನ್ನೋದು ದೀಪ ಆಗುತ್ತೆ. ನಿಜ. ಇದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ಬೊಂಬೆಯಲ್ಲಿ ಓದಲಿಲ್ಲ. ಯರ್ರಿಸ್ವಾಮಿ ತಪ್ಪು ಕೆತ್ತಿಲ್ಲ. ಓದಿದವನು ನಾನು, ತಪ್ಪು ಓದಿದವನೂ ನಾನೇ. ಮುಂದುವರಿಸಪ್ಪ ಓಬಯ್ಯ."

ಆಗ ಬಿದ್ದ ಚಪ್ಪಾಳೆಗೆ ಹುಣಿಸೆ ಮರದ ಕಾಯಿಯೆಲ್ಲ ಉದುರಿ, ರತ್ನಗಿರಿಯವರು ಮೂರು ವರ್ಷ ಹುಣಿಸೆಹಣ್ಣು ಕೊಳ್ಳಲಿಲ್ಲ. ಬೋರಯ್ಯ ತಟ್ಟೆ ಹಿಡಿದು ಎದ್ದ. ಪರದೆಯ ಹಿಂದೆ ಬಂದು, ಹೊಳೆಗೆ ಬಿಡುವ ಬೊಂಬೆಗೆಂದು ತಂದಿದ್ದ ಅರಿಸಿನ ಕುಂಕುಮವನ್ನು ತಾತನ ದೀಪದ ಕಂಬಕ್ಕೆ ಹಚ್ಚಿ, ಎಡೆಯ ಅಕ್ಕಿಯನ್ನು ಓಬಯ್ಯನ ತಲೆಯ ಮೇಲೆ ಹಾಕಿ, ಖಾಲಿ ತಟ್ಟೆಯೊಂದಿಗೆ ಹೋಗಿ ಕೂತ. ಹಗರಿ ಹೊಳೆ ಆ ವರ್ಷ ಬರಿಗೈಯಲ್ಲಿ ಹರಿಯಿತು.

ಆಟ ರಾವಣನ ಸಭೆಗೆ ಬಂದಾಗ ಬೆಳಕು ಕುಗ್ಗತೊಡಗಿತು. ತಿರುಗುವ ದೀಪ ನಿಂತ ದೀಪಕ್ಕಿಂತ ಎರಡು ಪಟ್ಟು ಎಣ್ಣೆ ಕುಡಿದಿತ್ತು; ಅದನ್ನು ಓಬಯ್ಯನಾಗಲಿ ಮೂಕಮ್ಮನಾಗಲಿ ಎಣಿಸಿರಲಿಲ್ಲ. ಮೂಕಮ್ಮ ಕುಡಿಕೆ ಬಗ್ಗಿಸಿ ನೋಡಿದಳು, ತಳ ಕಂಡಿತು. ಅಷ್ಟರಲ್ಲಿ ಪರದೆಯ ಮಗ್ಗುಲಲ್ಲಿ ಯಾರೋ ಕೆಮ್ಮಿದರು. ಪಾಲಯ್ಯ ನಿಂತಿದ್ದ. ಎರಡೂ ಕೈಯಲ್ಲಿ ತುಂಬಿದ ಎಣ್ಣೆಯ ಮಡಕೆ. ಬೆಳಕು ಕುಗ್ಗಿದ್ದು ಕಂಡೊಡನೆ ಎದ್ದು ಯಾರ ಮನೆಯದನ್ನು ಎತ್ತಿಕೊಂಡು ಬಂದಿದ್ದನೋ, ಓಡಿ ಬಂದದ್ದಕ್ಕೆ ಪಂಚೆಯೆಲ್ಲ ಎಣ್ಣೆಯಾಗಿತ್ತು. ಕಣ್ಣು ಮಾತ್ರ ಆ ಎರಡು ಕಡಲುಗಳ ಮೇಲೆಯೇ ಇತ್ತು, ಒಳ್ಳೆಯ ಕೆಲಸ ಕಂಡ ಕಸುಬಿನವನ ಕಣ್ಣು.

"ಅಣ್ಣಾ," ಅಂದ, ನೆಲ ನೋಡುತ್ತ, "ಲಂಕೆಗೆ ಎಣ್ಣೆ ತಂದೀನಿ."

ಓಬಯ್ಯ ಮೀಸೆಯನ್ನು ಒಂದು ಕಡೆ ಸರಿಸಿ ಅವನಿಗೆ ದಾರಿ ಬಿಟ್ಟ.

"ಬಾರಪ್ಪ ಪಾಲಯ್ಯ. ಸುರಿ."

"ಎಷ್ಟು ಹಾಕ್ಲಣ್ಣಾ?"

"ದೊಡ್ಡ ಊರು ಅದು, ನಾ ನೋಡಿ ಬಂದೀನಿ. ಪೂರಾ ಹಾಕು."

ಪಾಲಯ್ಯ ಸುರಿದ. ಉರಿ ಮೇಲೆದ್ದಿತು, ತಗಡು ತಿರುಗಿತು, ಮತ್ತೆ ಬೆಳಕು ಕೋಟೆಯ ಗೋಡೆ ಸವರಿತು. ಪರದೆಯ ಮೇಲೆ ಲಂಕೆಯ ಬತ್ತಿಗಳು ಒಂದೊಂದಾಗಿ ತುಂಬಿಕೊಂಡವು. ಎಲ್ಲಕ್ಕಿಂತ ಎತ್ತರಕ್ಕೆ ಬೆಳಗಿದ್ದು ಏಳನೆಯದು, ಆ ಸೊಟ್ಟ ಬತ್ತಿ.